ಆಟಿಕೆಯ ರಟ್ಟಿನಲ್ಲಿ ಅಡಗಿದ ಇತಿಹಾಸ

ಇತಿಹಾಸ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಶಿಲಾಶಾಸನ, ತಾಮ್ರಪಟ, ಕೋಟೆ ಕೊತ್ತಲಗಳು ಬಂದು ನಿಲ್ಲುತ್ತವೆ. ಇವೆಲ್ಲ ಬಹುಕಾಲ ಉಳಿಯಲೆಂದೇ ಮಾಡಿದವು. ಆದರೆ ಕೊಂಡ ದಿನವೇ ಹರಿದು ಬಿಸಾಡಲೆಂದು ಮಾಡಿದ ವಸ್ತುವೂ ಇತಿಹಾಸಕ್ಕೆ ಆಧಾರವಾಗಬಲ್ಲದು. ಹಳೆಯ ಪ್ಲಾಸ್ಟಿಕ್ ಗೊಂಬೆಗಳು ಮತ್ತು ಅವುಗಳ ಮೂಲ ಹೊದಿಕೆಯನ್ನು ಸಂಗ್ರಹಿಸುವವರ ಹವ್ಯಾಸ ನಮಗೆ ಕಲಿಸುವ ಪಾಠ ಇದೇ.

1964ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಕಂಪನಿ ಜಿ.ಐ. ಜೋ ಎಂಬ 12 ಅಂಗುಲದ ಸೈನಿಕನ ಗೊಂಬೆಯನ್ನು ಮಾರುಕಟ್ಟೆಗೆ ತಂದಿತು. ಗೊಂಬೆ ಎಂದರೆ ಗಂಡುಮಕ್ಕಳು ಕೊಳ್ಳಲಾರರು ಎಂದು ಅದಕ್ಕೆ ‘ಆ್ಯಕ್ಷನ್ ಫಿಗರ್’ ಎಂಬ ಹೊಸ ಹೆಸರಿಟ್ಟರು. 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಪ್ಲಾಸ್ಟಿಕ್ಕಿಗೆ ಮೂಲ ಪೆಟ್ರೋಲಿಯಂ. ಹಾಗಾಗಿ ದೊಡ್ಡ ಗೊಂಬೆ ಮಾಡುವುದು ದುಬಾರಿಯಾಯಿತು. ಮರುವರ್ಷ ಜರ್ಮನಿಯಲ್ಲಿ ಬಂದ ಪ್ಲೇಮೊಬಿಲ್ ಗೊಂಬೆಗಳ ಎತ್ತರ ಕೇವಲ 7.5 ಸೆಂಟಿಮೀಟರ್. ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದ್ದರ ಪರಿಣಾಮ ಮಗುವಿನ ಕೈಯಲ್ಲಿದ್ದ ಗೊಂಬೆಯ ಎತ್ತರದ ಮೇಲೂ ಆಯಿತೆಂಬುದು ಗಮನಿಸಬೇಕಾದ ಸಂಗತಿ.

ಖಾಲಿ ಡಬ್ಬಿಯ ಮಾರಾಟ

1977ರ ಮೇ 25ರಂದು ‘ಸ್ಟಾರ್ ವಾರ್ಸ್’ ಚಲನಚಿತ್ರ ಬಿಡುಗಡೆಯಾಯಿತು. ಅದರ ಗೊಂಬೆಗಳನ್ನು ಮಾಡುವ ಹಕ್ಕು ಒಹಾಯೊ ರಾಜ್ಯದ ಸಿನ್ಸಿನಾಟಿ ನಗರದ ಕೆನ್ನರ್ ಕಂಪನಿಗೆ ಸಿಕ್ಕಿತ್ತು. ಚಿತ್ರಕ್ಕೆ ಅಷ್ಟು ಜನ ಮುಗಿಬೀಳುತ್ತಾರೆಂದು ಯಾರೂ ಎಣಿಸಿರಲಿಲ್ಲ. ಕ್ರಿಸ್ಮಸ್ ಹಬ್ಬ ಹತ್ತಿರ ಬಂದರೂ ಗೊಂಬೆಗಳು ತಯಾರಾಗಿರಲಿಲ್ಲ. ಆಗ ಕಂಪನಿ ಗೊಂಬೆಯೇ ಇಲ್ಲದ ಪೊಟ್ಟಣವನ್ನು ಮಾರಿತು! ಅದರೊಳಗೆ ರಟ್ಟಿನ ಒಂದು ಚಿತ್ರಫಲಕ, ಕೆಲವು ಸ್ಟಿಕ್ಕರುಗಳು ಮತ್ತು ಒಂದು ಪ್ರಮಾಣಪತ್ರ ಇದ್ದವು. ಆ ಪತ್ರವನ್ನು ಅಂಚೆಯಲ್ಲಿ ಕಳಿಸಿದವರಿಗೆ 1978ರಲ್ಲಿ ನಾಲ್ಕು ಗೊಂಬೆಗಳು ಮನೆಗೆ ಬಂದವು. ಮಾತು ಕೊಟ್ಟು ಹಣ ಪಡೆದು, ಆಮೇಲೆ ಮಾತು ಉಳಿಸಿಕೊಂಡ ವ್ಯಾಪಾರ ಅದು. ಮಕ್ಕಳು ಪ್ರಮಾಣಪತ್ರವನ್ನು ಕಳಿಸಿಬಿಟ್ಟಿದ್ದರಿಂದ ಪೂರ್ತಿ ಪೊಟ್ಟಣ ಈಗ ಅಪರೂಪ.

ರಟ್ಟಿನ ಬೆನ್ನು ಹೇಳುವ ಕಾಲ

ಕೆನ್ನರ್ ಗೊಂಬೆಗಳ ಎತ್ತರ ಮೂರು ಮುಕ್ಕಾಲು ಅಂಗುಲ. ಬಣ್ಣದ ರಟ್ಟಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಗುಳ್ಳೆಯೊಳಗೆ ಗೊಂಬೆ ಕೂತಿರುತ್ತಿತ್ತು. ರಟ್ಟಿನ ಬೆನ್ನಿನಲ್ಲಿ ಆವರೆಗೆ ಬಂದ ಗೊಂಬೆಗಳ ಚಿತ್ರಗಳಿರುತ್ತಿದ್ದವು. ಮೊದಲು 12, ನಂತರ 20, ಆಮೇಲೆ 21, ಹೀಗೆ ಸಂಖ್ಯೆ ಬೆಳೆಯಿತು. ಶಾಸನದ ಲಿಪಿ ನೋಡಿ ಶತಮಾನ ಹೇಳುವಂತೆ, ಸಂಗ್ರಾಹಕರು ಈ ಚಿತ್ರಗಳನ್ನು ಎಣಿಸಿ ರಟ್ಟಿನ ಕಾಲ ಹೇಳುತ್ತಾರೆ.

ಹೊದಿಕೆ ನಿಜಕ್ಕೂ ಸಾಕ್ಷಿ. ಜಾವಾ ಎಂಬ ಕುಳ್ಳ ಗೊಂಬೆಗೆ 1978ರಲ್ಲಿ ಮೊದಲು ವಿನೈಲ್ ನಿಲುವಂಗಿ ಇತ್ತು. ಸ್ವಲ್ಪ ಕಾಲದಲ್ಲೇ ಅದನ್ನು ಬಿಟ್ಟು ಬಟ್ಟೆಯದನ್ನು ತೊಡಿಸಿದರು. ಮೊದಲಿನದು ಅಪರೂಪವಾದ್ದರಿಂದ ಬೆಲೆ ಏರಿತು. ಬೆಲೆ ಏರಿದೊಡನೆ ಮೋಸಗಾರರು ಬೇರೆ ಗೊಂಬೆಯ ವಿನೈಲ್ ನಿಲುವಂಗಿಯನ್ನು ಕತ್ತರಿಸಿ ಜಾವಾಕ್ಕೆ ತೊಡಿಸಿ ಮಾರತೊಡಗಿದರು. ಬಿಡಿಯಾಗಿ ಸಿಕ್ಕ ಗೊಂಬೆ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಬೇಕಾಗುತ್ತದೆ. ತೆರೆಯದ ಪೊಟ್ಟಣದಲ್ಲಿದ್ದರೆ ಆ ಸಂದೇಹ ಬಹಳ ಕಡಿಮೆ.

ಚೀಟಿಯ ಕೆಳಗಿನ ಸತ್ಯ

1979ರಲ್ಲಿ ಕೆನ್ನರ್ ಇನ್ನೊಂದು ಮಾತು ಕೊಟ್ಟಿತು. ನಾಲ್ಕು ರಟ್ಟುಗಳಿಂದ ಖರೀದಿಯ ಗುರುತನ್ನು ಕತ್ತರಿಸಿ ಕಳಿಸಿದರೆ ಬೋಬಾ ಫೆಟ್ ಎಂಬ ಗೊಂಬೆ ಉಚಿತ. ಅದರ ಬೆನ್ನಿನಿಂದ ಪುಟ್ಟ ರಾಕೆಟ್ ಹಾರುತ್ತದೆ ಎಂದು ರಟ್ಟಿನಲ್ಲೇ ಅಚ್ಚಾಗಿತ್ತು. ಅಷ್ಟರಲ್ಲಿ ದುರಂತವೊಂದು ನಡೆದಿತ್ತು. ಮ್ಯಾಟೆಲ್ ಕಂಪನಿಯ ಬೇರೊಂದು ಆಟಿಕೆಯಿಂದ ಹಾರಿದ ಇಂಥದೇ ಪ್ಲಾಸ್ಟಿಕ್ ತುಂಡು ಗಂಟಲಲ್ಲಿ ಸಿಕ್ಕಿ ಬಾಲಕನೊಬ್ಬ ಅಸುನೀಗಿದ್ದ.

ಕೆನ್ನರ್ ಕಂಪನಿಯ ತಂತ್ರಜ್ಞರು ರಾಕೆಟ್ ಸುಲಭವಾಗಿ ಸಿಡಿಯದಂತೆ ಅದರ ಕೊಂಡಿ ಸರಿಯುವ ಸೀಳಿನ ಆಕಾರವನ್ನು ಬದಲಿಸಿ ನೋಡಿದರು. ಕೊನೆಗೆ ಆ ಯೋಚನೆಯನ್ನೇ ಕೈಬಿಟ್ಟು ರಾಕೆಟ್ಟನ್ನು ಅಲುಗಾಡದಂತೆ ಅಂಟಿಸಿಬಿಟ್ಟರು. ಅಚ್ಚಾಗಿದ್ದ ರಟ್ಟುಗಳ ಮೇಲೆ ಆ ಭರವಸೆ ಮುಚ್ಚುವಂತೆ ಚೀಟಿ ಅಂಟಿಸಲಾಯಿತು. ಗೊಂಬೆಯ ಜೊತೆ ಪತ್ರವೊಂದನ್ನೂ ಇಟ್ಟರು: ಸುರಕ್ಷತೆಗಾಗಿ ಹಾರುವ ಸಾಧನ ತೆಗೆದಿದ್ದೇವೆ, ಸಮಾಧಾನವಾಗದಿದ್ದರೆ ಹಿಂದಿರುಗಿಸಿ ಬೇರೆ ಗೊಂಬೆ ಪಡೆಯಬಹುದು ಎಂಬುದು ಅದರ ಸಾರಾಂಶ.

1980ರ ಜನವರಿ 1ರಿಂದ ಅಮೆರಿಕದಲ್ಲಿ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳಲ್ಲಿ ನುಂಗಬಹುದಾದ ಸಣ್ಣ ಭಾಗಗಳಿರಬಾರದೆಂಬ ನಿಯಮ ಜಾರಿಗೆ ಬಂತು. ಮಾರಾಟಕ್ಕೇ ಬಾರದ ಆ ಹಾರುವ ರಾಕೆಟ್ಟಿನ ಕೆಲವು ಮಾದರಿಗಳು ಮಾತ್ರ ಕಾರ್ಖಾನೆಯಿಂದ ಹೊರಗೆ ಉಳಿದವು. ಅವುಗಳಲ್ಲಿ ಒಂದು 2024ರ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು! ಆ ಬೆಲೆಯನ್ನು ಓದಿ ಬೆರಗಾಗುವವರು ಅದು ಏಕೆ ಅಪರೂಪವಾಯಿತೆಂಬುದನ್ನು ಮರೆಯಬಾರದು. ಅಪಾಯ ಕಂಡು ತಡೆದದ್ದರಿಂದ ಅದು ಅಪರೂಪವಾಯಿತು. ಆ ಕತೆಗೆ ಇಂದು ಕಣ್ಣಿಗೆ ಕಾಣುವ ಸಾಕ್ಷಿ, ಯಾವುದೋ ಮನೆಯಲ್ಲಿ ಹರಿಯದೆ ಉಳಿದ ರಟ್ಟು ಮತ್ತು ಅದರ ಮೇಲಿನ ಚೀಟಿ.

ನಮ್ಮ ಮನೆಗಳ ಕತೆ

ಭಾರತಕ್ಕೂ ಈ ಕತೆಯಲ್ಲಿ ಪಾಲಿದೆ. 1987ರಲ್ಲಿ ಎಂಆರ್‌ಎಫ್ ಬಳಗ ಮತ್ತು ಹ್ಯಾಸ್ಬ್ರೊ ಸೇರಿ ಆರಂಭಿಸಿದ ಫನ್‌ಸ್ಕೂಲ್ ಕಂಪನಿ, ಅಷ್ಟರಲ್ಲಿ ಮೂರು ಮುಕ್ಕಾಲು ಅಂಗುಲಕ್ಕೆ ಇಳಿದಿದ್ದ ಜಿ.ಐ. ಜೋ ಗೊಂಬೆಗಳನ್ನು ನಮ್ಮಲ್ಲೇ ತಯಾರಿಸಿತು. ಅಚ್ಚು ಅಮೆರಿಕದ್ದಾದರೂ ಹಲವು ಗೊಂಬೆಗಳ ಬಣ್ಣಗಳು ಬೇರೆ. ಈ ಕಾರಣಕ್ಕೇ ವಿದೇಶದ ಸಂಗ್ರಾಹಕರು ಭಾರತದ ಗೊಂಬೆಗಳನ್ನು, ವಿಶೇಷವಾಗಿ ರಟ್ಟಿನ ಸಮೇತ, ಹುಡುಕುತ್ತಾರೆ. ನನ್ನ ಬಾಲ್ಯದಲ್ಲಿ ಮಾಮೂ ಅಂಥದೊಂದು ಗೊಂಬೆ ತಂದುಕೊಟ್ಟಿದ್ದರು. ರಟ್ಟು ಅಂದೇ ಒಲೆಗೆ ಹೋಯಿತು. ಗೊಂಬೆಯ ಒಂದು ತೋಳು ಮಾತ್ರ ಬಹಳ ದಿನ ಉಳಿದಿತ್ತು. ಅದಕ್ಕಾಗಿ ನನಗೆ ಪಶ್ಚಾತ್ತಾಪವಿಲ್ಲ. ಆಟಿಕೆ ಇರುವುದು ಆಡಲಿಕ್ಕೆ. ಆದರೆ ಅದರ ಬೆಲೆ ಎಷ್ಟಿತ್ತು, ಯಾವ ವರ್ಷದ್ದು ಎಂದು ಇಂದು ಕೇಳಿದರೆ ಹೇಳಲು ನನ್ನ ಬಳಿ ಏನೂ ಇಲ್ಲ.

ವಿದ್ಯಾರ್ಥಿ ಮಿತ್ರರೇ, ಎಲ್ಲವನ್ನೂ ಕೂಡಿಡಿ ಎಂದು ನಾನು ಹೇಳುತ್ತಿಲ್ಲ. ಬಿಸಾಡುವ ಮೊದಲು ಒಮ್ಮೆ ಓದಿರಿ. ತಯಾರಿಸಿದವರು ಯಾರು, ಎಲ್ಲಿ, ಯಾವಾಗ, ಬೆಲೆ ಎಷ್ಟು, ಕೊಟ್ಟ ಭರವಸೆ ಏನು ಎಂದು ನೋಡಿರಿ. ತಮ್ಮ ತಂಗಿಯರಿಗೆ ಆಟಿಕೆ ಕೊಳ್ಳುವಾಗಲೂ ರಟ್ಟನ್ನು ಓದಿರಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲೂ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಪುಟ್ಟ ಮಕ್ಕಳ ಗಂಟಲಿಗೆ ಹೋಗುವಷ್ಟು ಸಣ್ಣ ತುಂಡುಗಳಿವೆಯೇ ಎಂದು ನೋಡುವುದು ಮಾತ್ರ ಯಾವ ಗುರುತಿದ್ದರೂ ನಮ್ಮದೇ ಜವಾಬ್ದಾರಿ.