ಹಳೆಯ ಮಳೆಯ ಪಾಠ, ಹೊಸ ಮುಂಗಾರು

‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎಂಬ ಗಾದೆ ಕೇಳದ ರೈತ ಕರ್ನಾಟಕದಲ್ಲಿ ಅಪರೂಪ. ತಲೆಮಾರುಗಳ ಅನುಭವವೇ ಇಂಥ ಮಾತುಗಳ ಬಂಡವಾಳ. ನಿನ್ನೆ ನಡೆದದ್ದು ನಾಳೆಯೂ ನಡೆದೀತು ಎಂಬ ನಂಬಿಕೆಯೇ ಅದರ ತಳಹದಿ. ಹವಾಮಾನ ವಿಜ್ಞಾನ ಹೊರಟದ್ದೂ ಇದೇ ನಂಬಿಕೆಯಿಂದ, ಮುಗ್ಗರಿಸಿದ್ದೂ ಇಲ್ಲಿಯೇ.

ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಮಳೆ ಕೈಕೊಟ್ಟು ದಕ್ಷಿಣ ಭಾರತ ಭೀಕರ ಬರಕ್ಕೆ ತುತ್ತಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬರದ ಸುಳಿವು ಮೊದಲೇ ಸಿಗುವುದು ಸರ್ಕಾರಕ್ಕೆ ಅನಿವಾರ್ಯವಾಯಿತು.

ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆಂದು ಗುರುತಿಸಿದರು. 1882ರಿಂದ 1885ರವರೆಗೆ ಈ ಲೆಕ್ಕ ಚೆನ್ನಾಗಿಯೇ ಕೂಡಿಬಂತು. 1886ರಿಂದ ಮುನ್ಸೂಚನೆ ನೀಡುವುದು ಕ್ರಮವಾಯಿತು. ಅವರ ನಂತರ ಬಂದ ಜಾನ್ ಎಲಿಯಟ್ ಮತ್ತಷ್ಟು ಅಂಶಗಳನ್ನು ಸೇರಿಸಿದರು. ಆದರೆ 1899ರಲ್ಲಿ ಒಳ್ಳೆಯ ಮಳೆಯ ಭರವಸೆ ಸುಳ್ಳಾಗಿ ದೇಶ ಮತ್ತೊಂದು ಕ್ಷಾಮ ಕಂಡಿತು.

1904ರಲ್ಲಿ ಅಧಿಕಾರ ವಹಿಸಿಕೊಂಡ ಗಿಲ್ಬರ್ಟ್ ವಾಕರ್ ಗಣಿತಜ್ಞ, ಹವಾಮಾನದ ಅನುಭವವಿರಲಿಲ್ಲ. ಅದೇ ಒಂದು ಅನುಕೂಲವೂ ಆಯಿತೆನ್ನಬಹುದು. ಹಿಂದಿನವರ ನಂಬಿಕೆಗಳಿಗೆ ಕಟ್ಟುಬೀಳದೆ ಲೋಕದ ನಾನಾ ಕಡೆಯ ಅಂಕಿಅಂಶಗಳನ್ನು ಹೋಲಿಸಿ ನೋಡಿದರು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವ ತಕ್ಕಡಿಯಾಟ ಕಣ್ಣಿಗೆ ಬಿತ್ತು. ಇದೇ ‘ದಕ್ಷಿಣ ಆಂದೋಲನ’. ಎಲ್ ನಿನೊಗೂ ಇದಕ್ಕೂ ಇರುವ ನಂಟು ತಿಳಿದದ್ದು ಬಹಳ ತಡವಾಗಿ.

ಆದರೂ ಪ್ರಕೃತಿ ಪಾಠ ಒಪ್ಪಿಸುವ ವಿದ್ಯಾರ್ಥಿಯಲ್ಲ. ವಾಕರ್ ಆರಿಸಿದ ಕೆಲವು ಸಂಬಂಧಗಳೇ ಮುಂದೆ ಸಡಿಲಗೊಂಡವು. 1997ರಲ್ಲಿ ಎಲ್ ನಿನೊ ಅತಿ ಪ್ರಬಲವಾಗಿದ್ದರೂ ಮುಂಗಾರು ಸಾಮಾನ್ಯವಾಗಿಯೇ ಸುರಿಯಿತು. 1988ರಿಂದ ಬಳಕೆಯಲ್ಲಿದ್ದ 16 ಅಂಶಗಳ ಸೂತ್ರ 2002ರಲ್ಲಿ ಸಾಮಾನ್ಯ ಮಳೆ ಎಂದಿತು. ಆದದ್ದು ಶೇ 19ರಷ್ಟು ಕೊರತೆ. ಜುಲೈನಲ್ಲಂತೂ ವಾಡಿಕೆಯ ಅರ್ಧದಷ್ಟೂ ಬೀಳಲಿಲ್ಲ. ಮರುವರ್ಷ ಇಲಾಖೆ ಸೂತ್ರವನ್ನೇ ಬದಲಿಸಿತು.

ಹಾಗೆಂದು ಹಳೆಯ ಅನುಭವ ವ್ಯರ್ಥವೇ? ಅದಿಲ್ಲದೆ ಏನನ್ನು ಗಮನಿಸಬೇಕೆಂಬುದೇ ತಿಳಿಯದು. ಆದರೆ ನಾಲ್ಕು ವರ್ಷ ಫಲಿಸಿದ ಲೆಕ್ಕವನ್ನು ಶಾಶ್ವತ ನಿಯಮವೆಂದುಕೊಂಡಾಗ ಅದೇ ಅನುಭವ ಕಣ್ಣು ಕಟ್ಟುತ್ತದೆ. ಭರಣಿ ಮಳೆಯ ಗಾದೆ ಬಲ್ಲ ಹಳೇ ಮೈಸೂರಿನ ರೈತ ರಾಗಿಯೊಂದನ್ನೇ ನೆಚ್ಚಿ ಕೂರುತ್ತಿರಲಿಲ್ಲ. ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲನ್ನೂ ಬಿತ್ತುತ್ತಿದ್ದ. ಒಂದು ಕೈಕೊಟ್ಟರೂ ಇನ್ನೊಂದು ಕಾಯಲಿ ಎಂಬುದೂ ಅವನಿಗೆ ಅನುಭವವೇ ಕಲಿಸಿದ ಪಾಠ.