ಲೈನು

ಕಳೆದ ಮಳೆಗಾಲದ ಒಂದು ಸಂಜೆ. ಗಾಳಿ ಎದ್ದು ಕರೆಂಟು ಹೋಯಿತು. 'ಎಲ್ಲೋ ಲೈನ್ ಮೇಲೆ ಮರ ಬಿದ್ದಿರಬೇಕು' ಎಂದರು ನಮ್ಮವರು. ಮಗಳಿಗೆ ಫೋನ್ ಮಾಡಲು ಹೋದರೆ ಲೈನ್ ಸಿಗಲಿಲ್ಲ. ಪಕ್ಕದ ಮನೆಯಾಕೆ ಬ್ಲೌಸಿನ ಲೈನಿಂಗ್ ಬಟ್ಟೆ ತೋರಿಸಲು ಬಂದವಳು, ಕಳಸದ ಲೈನಿನ ಬಸ್ಸುಗಳೆಲ್ಲ ತಡವಂತೆ ಎಂದಳು. ಅಷ್ಟರಲ್ಲಿ ನಮ್ಮ ಮನೆಗೆಲಸಕ್ಕೆ ಬರುವಾಕೆ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದುಕೊಂಡು, 'ಲೈನಿಗೆ ಹೋಗ್ತೀನಮ್ಮ, ಮಕ್ಳು ಕತ್ಲಲ್ಲಿ ಕಾಯ್ತಿರ್ತವೆ' ಎಂದು ಹೊರಟಳು.

ಮೊದಲಿನ ಲೈನುಗಳೆಲ್ಲ ನಿಮ್ಮ ಊರಿನಲ್ಲೂ ಇರುತ್ತವೆ. ಈ ಕೊನೆಯದು ಮಾತ್ರ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಬಂದವರಿಗೇ ಗೊತ್ತು. ಕಾಫಿ ತೋಟದ ಒಂದು ಮೂಲೆಯಲ್ಲಿ ಉದ್ದಕ್ಕೆ ಒಂದೇ ಮಾಡು. ಅದರಡಿ ಸಾಲಾಗಿ ಬಾಗಿಲುಗಳು. ಒಂದೊಂದು ಬಾಗಿಲಿಗೆ ಒಂದೊಂದು ಸಂಸಾರ. ಈ ಮನೆಯವರು ಒಗ್ಗರಣೆ ಹಾಕಿದರೆ ಆ ಮನೆಯವರು ಸೀನಬೇಕು. ಅದೇ ಲೈನು.

ಈ ಪದದ ಹುಟ್ಟು ಹುಡುಕಿದರೆ ಸಿಗುವುದು ನೂಲು. ಲ್ಯಾಟಿನ್ ಭಾಷೆಯಲ್ಲಿ ಅಗಸೆ ಗಿಡಕ್ಕೆ 'ಲೀನಂ' ಎಂದು ಹೆಸರು. ಅದರ ನಾರಿನ ದಾರ 'ಲೀನಿಯ'. ಲಿನನ್ ಬಟ್ಟೆ, ನಮ್ಮ ಬ್ಲೌಸಿನ ಲೈನಿಂಗ್, ಎಲ್ಲ ಆ ಬಳಗದವೇ. ಬಿಗಿಯಾಗಿ ಎಳೆದ ದಾರ ನೆಟ್ಟಗಿರುತ್ತದಲ್ಲ, ಹಾಗೆ ನೆಟ್ಟಗಿದ್ದದ್ದೆಲ್ಲ ಲೈನಾಯಿತು. ಸೈನಿಕರು ನಿಂತ ಸಾಲು ಲೈನು. ಅವರು ಮಲಗುವ ಗುಡಿಸಲುಗಳ ಸಾಲೂ ಲೈನು. ಕಂಪನಿ ಸರ್ಕಾರದ ದಂಡಿನ ಜಾಗಗಳಲ್ಲಿ ಸಿಪಾಯಿಗಳಿಗೆ ಲೈನುಗಳಿದ್ದವು. ಇಂದಿಗೂ ಊರೂರಲ್ಲಿ ಪೊಲೀಸ್ ಲೈನ್ ಇದೆ. ತೋಟ ಮಾಡಲು ಬಂದ ದೊರೆಗಳು ಆಳುಗಳ ವಸತಿಗೂ ದಂಡಿನ ಹೆಸರನ್ನೇ ಇಟ್ಟರು. 'ಕೂಲಿ ಲೈನ್' ಎಂಬ ಮಾತು ಸಿಲೋನಿನಿಂದ ಅಸ್ಸಾಮಿನವರೆಗೂ ನಡೆಯಿತು.

ಬಾಬಾ ಬುಡನ್ ತಂದರೆಂಬ ಕಾಫಿ ಬೀಜ ಬಹುಕಾಲ ಗಿರಿಯ ಸುತ್ತಮುತ್ತ, ಹಿತ್ತಲುಗಳಲ್ಲಿ ಬೆಳೆಯುತ್ತಿತ್ತು. 19ನೇ ಶತಮಾನದಲ್ಲಿ ಯುರೋಪಿಯನ್ನರು ದೊಡ್ಡ ದೊಡ್ಡ ತೋಟ ಎಬ್ಬಿಸಿದಾಗ ಕೈಗಳು ಸಾಲದಾದವು. ಮೇಸ್ತ್ರಿಗಳು ಮುಂಗಡದ ಹಣ ಹಿಡಿದು ಘಟ್ಟ ಇಳಿದರು. ದಕ್ಷಿಣ ಕನ್ನಡದಿಂದ ಬತ್ತದ ಕೊಯ್ಲು ಮುಗಿಸಿದ ಹೆಂಗಸರು ಗಂಡಸರು ಹತ್ತಿ ಬಂದರು. ತಮಿಳು ಸೀಮೆಯಿಂದಲೂ ಬಂದರು. ಮುಂಗಡ ತೀರುವವರೆಗೆ ಕೆಲಸ, ಕೆಲಸ ಇರುವವರೆಗೆ ಲೈನು.

ಮಂಜರಾಬಾದಿನ ಕಡೆ ತೋಟ ಮಾಡಿದ ಆರ್. ಎಚ್. ಎಲಿಯಟ್ ಎಂಬ ದೊರೆ ಮೈಸೂರಿನ ಕಾಡುಗಳಲ್ಲಿ ತನಗಾದ ಅನುಭವವನ್ನು 1871ರಲ್ಲೇ ಪುಸ್ತಕ ಮಾಡಿದ. ಅವನ ಕಾಲದಲ್ಲಿ ಲೈನಿನಲ್ಲಿ ಹೆತ್ತು, ಹಣ್ಣು ಕುಯ್ದು, ಚಳಿಜ್ವರದಲ್ಲಿ ನರಳಿದ ಹೆಂಗಸರು ತಮ್ಮ ಬಗ್ಗೆ ಬರೆದಿಟ್ಟ ಒಂದು ಲೈನನ್ನೂ ನಾನು ಓದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ ತೋಟ ಕಾರ್ಮಿಕರ ಕಾಯಿದೆ ಬಂತು. ತೋಟದಲ್ಲೇ ಇರುವ ಕಾರ್ಮಿಕರಿಗೆ ಮನೆ ಕೊಡುವುದು ಮಾಲೀಕರ ಹೊಣೆ ಎಂದಿತು. 50 ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಬೇಕೆಂದಿತು. ಮೊದಲು ಅದು 25 ಎಕರೆ, 30 ಆಳುಗಳ ತೋಟಕ್ಕೆ ಅನ್ವಯಿಸುತ್ತಿತ್ತು. 1981ರಲ್ಲಿ 5 ಹೆಕ್ಟೇರ್, 15 ಆಳುಗಳಿಗೆ ಇಳಿಸಿದರು. ಹುಲ್ಲಿನ ಮಾಡು ಹೋಗಿ ಹೆಂಚು ಬಂತು, ಶೀಟು ಬಂತು. ಆದರೆ ಒಂದು ಮಾತ್ರ ಬದಲಾಗಲಿಲ್ಲ: ಮನೆ ಕೆಲಸಕ್ಕೆ ಅಂಟಿಕೊಂಡೇ ಇತ್ತು. ಕೆಲಸ ಮುಗಿದರೆ ಬಾಗಿಲ ಬೀಗದ ಕೈ ಕೊಟ್ಟು ಹೊರಡಬೇಕು.

ಎಲ್ಲಿ ಮನೆ ಕಟ್ಟಬೇಕೆಂದು ಅಲ್ಲಿ ವಾಸಿಸುವವರನ್ನು ಯಾರೂ ಕೇಳುವುದಿಲ್ಲ. ಪಕ್ಕದ ಕೇರಳದ ತೋಟಗಳಲ್ಲಿ ಇಂಥ ಮನೆಸಾಲಿಗೆ 'ಲಯಂ' ಎನ್ನುತ್ತಾರೆ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಜಾರಿ ಚಹಾ ತೋಟದ ಲಯಂಗಳ ಮೇಲೆ ಬಿತ್ತು. 70 ಜನ ಹೋದರು. ಸುದ್ದಿ ಕೇಳಿದ ದಿನ ನಮ್ಮ ಕಡೆಯ ಲೈನುಗಳೇ ಕಣ್ಣ ಮುಂದೆ ಬಂದವು.

ಈ ಪದ ನನಗೂ ಒಂದು ಪಾಠ ಕಲಿಸಿದೆ. ನಾನು ಟೀಚರಾಗಿದ್ದ ಕಾಲದಲ್ಲಿ ಒಂದೇ ತರಗತಿಗೆ ಇಬ್ಬರು ಲಲಿತೆಯರು ಬಂದರು. ಒಬ್ಬಳು ಪೇಟೆಯವಳು, ಇನ್ನೊಬ್ಬಳು ತೋಟದಿಂದ ಬರುವವಳು. ಗೊಂದಲ ಬೇಡವೆಂದು ಎರಡನೆಯವಳನ್ನು 'ಲೈನ್ ಲಲಿತ' ಎಂದು ಕರೆಯತೊಡಗಿದೆ. ಮಕ್ಕಳೂ ಹಾಗೇ ಕರೆದರು. ಒಂದು ತಿಂಗಳಾದ ಮೇಲೆ ಅವಳು ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: 'ಅವ್ಳಿಗೂ ಏನಾದ್ರೂ ಸೇರ್ಸಿ ಕರೀತೀರಾ ಟೀಚರ್?' ನಾನು ಉತ್ತರಿಸಲಾರದೆ ಹಾಜರಿ ಪುಸ್ತಕ ತಿರುವಿದೆ. ಮರುದಿನದಿಂದ ಇಬ್ಬರನ್ನೂ ಇನಿಷಿಯಲ್ ಹಚ್ಚಿ ಕರೆದೆ. ಆದರೆ ಆಟದ ಬಯಲಿನಲ್ಲಿ ಆ ಹೆಸರು ಉಳಿದೇ ಹೋಯಿತು. ಅದನ್ನು ಅಂಟಿಸಿದವಳು ನಾನು.

ಈಗ ಎಷ್ಟೋ ಲೈನುಗಳಲ್ಲಿ ಅಸ್ಸಾಮಿನಿಂದ ಬಂದ ಸಂಸಾರಗಳಿವೆ. ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ. ಈಚೆಗೆ ಸಂತೆಯಲ್ಲಿ ಒಬ್ಬಳನ್ನು ಎಲ್ಲಿರುವುದು ಎಂದು ಕೈಸನ್ನೆಯಲ್ಲಿ ಕೇಳಿದೆ. 'ಲೈನ್' ಎಂದಳು. ಆ ಪದವನ್ನು ಅವಳಿಗೆ ಇಲ್ಲಿ ಯಾರೂ ಕಲಿಸಬೇಕಾಗಿರಲಿಲ್ಲ. ಅವಳ ಸೀಮೆಯ ಚಹಾ ತೋಟಗಳಲ್ಲೂ ಅದೇ ಮಾತು.

ನಮ್ಮ ಮನೆಗೆ ಬರುವಾಕೆ ಕೊಯ್ಲಿನಲ್ಲಿ ತೋಟದವಳು, ಮಳೆಗಾಲದಲ್ಲಿ ಸಂಜೆ ಹೊತ್ತು ನಮ್ಮವಳು. ಮಗ ತೋಟದ ಕೆಲಸ ಒಲ್ಲೆನೆಂದು ಬೆಂಗಳೂರಿಗೆ ಹೋಗಿದ್ದಾನೆ. 'ನನ್ ಕೈ ನಡಿಯೋವರ್ಗೂ ಲೈನು. ಆಮೇಲೆ ಎಲ್ಲಿಗೋ' ಎನ್ನುತ್ತಾಳೆ. ಸೈಟಿಗೆ ಅರ್ಜಿ ಕೊಟ್ಟಿದ್ದಾಳೆ. ಅರ್ಜಿಯಲ್ಲಿ ವಿಳಾಸದ ಜಾಗದಲ್ಲಿ ಲೈನ್ ಎಂದೇ ಬರೆಯಬೇಕಾಯಿತು. ಬರೆದುಕೊಟ್ಟವಳು ನಾನೇ.

ಆ ಸಂಜೆ ಅವಳ ಟಾರ್ಚಿನ ಬೆಳಕು ಸಿಲ್ವರ್ ಮರಗಳ ನಡುವೆ ಮರೆಯಾಗುವವರೆಗೆ ಜಗಲಿಯಲ್ಲಿ ನಿಂತಿದ್ದೆ. ಎಂಟು ಗಂಟೆಗೆ ನಮ್ಮ ಮನೆಗೆ ಕರೆಂಟು ಬಂತು. ಗುಡ್ಡದಾಚೆ ಲೈನಿನಲ್ಲಿ ಇನ್ನೂ ಕತ್ತಲೆಯೇ ಇತ್ತು.