ವಿದೇಶಿ ಪ್ರಾಣಿಗಳ ಸಾಕಣೆ: ನೋಂದಣಿ ಮತ್ತು ಪಾಲಕರ ಹೊಣೆ

ಆಫ್ರಿಕಾದ ಬೂದು ಗಿಳಿ, ಬಾಲ್ ಪೈಥಾನ್, ಹಸಿರು ಇಗುವಾನಾ ಮುಂತಾಗಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 4ನೇ ಅನುಸೂಚಿಯಲ್ಲಿ ಸೇರಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು, 2024ರ ನಿಯಮಗಳ ಮೇರೆಗೆ, ಅವು ಸ್ವಾಧೀನಕ್ಕೆ ಬಂದ 30 ದಿನಗಳೊಳಗೆ ಪರಿವೇಶ್ 2.0 ಜಾಲತಾಣದ ಮೂಲಕ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸತಕ್ಕದ್ದು. ಮರಿ ಹುಟ್ಟಿದಾಗಲೂ ಪ್ರಾಣಿಯನ್ನು ಹಸ್ತಾಂತರಿಸಿದಾಗಲೂ ವರದಿ ಮಾಡತಕ್ಕದ್ದು.

ಆದರೆ ನೋಂದಣಿ ಪತ್ರವು ಪಾಲನೆಯ ಅರ್ಹತಾಪತ್ರವಲ್ಲ. ಗೇಣುದ್ದದ ಮರಿಯಾಗಿ ಮನೆಗೆ ಬರುವ ಇಗುವಾನಾ ಬೆಳೆದು 5 ಅಡಿ ಮೀರಬಲ್ಲದು. ಬಿಸಿಲು ಅಥವಾ ನೇರಳಾತೀತ ದೀಪದ ಬೆಳಕು ದೊರೆಯದಿದ್ದಲ್ಲಿ ಅದರ ಮೂಳೆಗಳು ಮೆತ್ತಗಾಗಿ ಬಾಗುತ್ತವೆ. ಹಸಿದರೂ ರೋಗ ಬಂದರೂ ಹಾವು ಕೂಗುವುದಿಲ್ಲ. ಆದುದರಿಂದ ಡಬ್ಬಿಗಳಲ್ಲಿ ಸಾಲಾಗಿ ಕೂಡಿಟ್ಟ ಹಾವುಗಳ ದುಃಸ್ಥಿತಿಯು ನೆರೆಯವರಿಗೂ ತಿಳಿಯದು. ಎರಡನ್ನು ಮಾತ್ರ ಸಾಕಬಲ್ಲವರು ಅಕ್ಕರೆಯಿಂದಲೇ ಇಪ್ಪತ್ತನ್ನು ಸೇರಿಸಿಕೊಂಡರೂ ಪರಿಣಾಮ ಒಂದೇ.

ಚಲನೆಗೆ ಸ್ಥಳವಿಲ್ಲದ ಪಂಜರದಲ್ಲಿಡುವುದು, ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದು, ಸಕಾರಣವಿಲ್ಲದೆ ತೊರೆದು ಹಸಿವಿಗೆ ಈಡುಮಾಡುವುದು ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ 11ನೇ ಕಲಮಿನ ಮೇರೆಗೆ ಅಪರಾಧವಾಗಿರುತ್ತದೆ.

ಸಾಕಲಾಗದವರು ಪ್ರಾಣಿಯನ್ನು ಕೆರೆಗಾಗಲಿ ಕಾಡಿಗಾಗಲಿ ಬಿಡಬಾರದು. ಹೀಗೆ ಬಿಟ್ಟ ರೆಡ್ ಇಯರ್ಡ್ ಸ್ಲೈಡರ್ ಆಮೆಗಳು ಸ್ಥಳೀಯ ಆಮೆಗಳ ಆಹಾರಕ್ಕೂ ನೆಲೆಗೂ ಪೈಪೋಟಿ ಒಡ್ಡುತ್ತವೆ. ಅಂಥವರು ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.